ಕುರಿ ತರುಬಿದ ಮೇಲೆ

ನಮ್ಮ ಕಾಲದ ಅಂತರ ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಪ್ರತಿ ಭಾಷಣಕಾರನಿಗೂ ಎರಡು ಸಲ ಗಂಟೆ ಬಾರಿಸುತ್ತಿದ್ದರು. ಮೊದಲನೆಯದು ಎಚ್ಚರಿಕೆಗೆ. ಎರಡನೆಯದು ಕೇಳಿಸಿತೆಂದರೆ ವಾಕ್ಯ ನಡುವೆ ನಿಂತಿದ್ದರೂ ವೇದಿಕೆ ಇಳಿಯಬೇಕು. ಎಲ್ಲಿ ನಿಲ್ಲಬೇಕು, ಯಾವಾಗ ಇಳಿಯಬೇಕು ಎಂಬ ಚಿಂತೆಯನ್ನು ಬೇರೆ ಯಾರೋ ಹೊತ್ತಿರುತ್ತಿದ್ದರು. ವಾದಿಸುವುದೊಂದೇ ನಮ್ಮ ಪಾಲಿನ ಕೆಲಸ. ಆ ಶಿಸ್ತು ನನ್ನನ್ನು ಒಳ್ಳೆಯ ಭಾಷಣಕಾರನನ್ನಾಗಿ ಮಾಡಿತು. ಭೂಮಿಯ ವ್ಯವಹಾರಕ್ಕೆ ಮಾತ್ರ ಅದಕ್ಕಿಂತ ಅನರ್ಹನಾಗಿಸುವ ಶಿಕ್ಷಣ ಇನ್ನೊಂದಿಲ್ಲ.

ಪ್ರತಿ ಕಾಲೇಜಿನಿಂದ ವಿಷಯದ ಪರವಾಗಿ ಒಬ್ಬ, ವಿರೋಧವಾಗಿ ಒಬ್ಬ ಮಾತನಾಡಬೇಕು, ಇಬ್ಬರ ಅಂಕಗಳೂ ಸೇರಿ ಪಾರಿತೋಷಕ ನಿರ್ಧಾರವಾಗಬೇಕು. ನನ್ನ ಜೋಡಿಯಾಗಿದ್ದವನು ಕಲ್ಲೂರಿನ ಒಕ್ಕಲು ಮನೆತನದವನು. ನಾನು ನಂಬದ ಪಕ್ಷವನ್ನು ಎಂದೂ ಮಂಡಿಸಿದವನಲ್ಲ. ಅವನಿಗೆ ಅಂಥ ಕಟ್ಟುಪಾಡಿರಲಿಲ್ಲ. ವಿಷಯ ಪ್ರಕಟವಾದ ಕೂಡಲೇ, "ನಿನಗ ಯಾವ್ದು ಬೇಕು ತಗೋ ದೋಸ್ತ, ಉಳಿದದ್ದು ನನಗಿರಲಿ" ಎನ್ನುತ್ತಿದ್ದ. ಉಳಿದದ್ದನ್ನೇ ಹಿಡಿದು ಅವನು ನನ್ನಷ್ಟೇ, ಕೆಲವು ಸಲ ನನಗಿಂತ ಚೆನ್ನಾಗಿ ಮಾತನಾಡುತ್ತಿದ್ದ. ಅದನ್ನು ನಾನು ಔದಾರ್ಯವೆಂದು ತಿಳಿದಿದ್ದೆ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ರಾಯಚೂರಿನ ಒಂದು ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದೆ, ಅವನು ಅಲ್ಲಿಯ ಕೋರ್ಟಿನಲ್ಲಿ ವಕೀಲನಾಗಿದ್ದ. ಕೃಷ್ಣೆಯ ದಂಡೆಗೆ ವಿದ್ಯುತ್ ಸ್ಥಾವರ ಬರುವುದೆಂಬ ಮಾತು ಬಾಯಿಂದ ಬಾಯಿಗೆ ಹಬ್ಬಿ, ಊರ ಸುತ್ತಲಿನ ಹೊಲಗಳಿಗೆ ಒಮ್ಮೆಲೇ ಗಿರಾಕಿಗಳು ಹುಟ್ಟಿಕೊಂಡಿದ್ದ ಕಾಲ ಅದು. ಊರೊಳಗೆ ಬಾಡಿಗೆ ಮನೆ ಸಿಗುವುದು ದುಸ್ತರವಾಗಿತ್ತು. ಹೊಸದಾಗಿ ಮದುವೆಯಾಗಿದ್ದ ನಾನು ಹೆಂಡತಿಯೊಡನೆ ಗಲ್ಲಿ ಗಲ್ಲಿ ಅಲೆದೆ. ಹೋದಲ್ಲೆಲ್ಲ ಬಾಡಿಗೆಯ ಮಾತಿಗಿಂತ ಮೊದಲು ಬರುತ್ತಿದ್ದ ಪ್ರಶ್ನೆ ಒಂದೇ: "ನೀವು ಯಾವ ಪೈಕಿ?" ಮನುಷ್ಯರ ಪೈಕಿ ಎಂದು ನಾನು ಉತ್ತರಿಸುತ್ತಿದ್ದೆ. ಒಬ್ಬ ಮುದುಕಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಅದು ಕಾಣಾಕತ್ತೈತಪಾ, ಒಲಿ ಮ್ಯಾಲ ಏನಿಡ್ತೀರಿ ಅದನ್ನ ಹೇಳು" ಎಂದು ಬಾಗಿಲು ಮುಚ್ಚಿದಳು.

ಬಡಾವಣೆಯ ಯೋಚನೆ ಆ ಬಾಗಿಲ ಮುಂದೆ ಹುಟ್ಟಿತು. ಊರ ಹೊರಗೆ ಒಂದು ಹೊಲ ಕೊಳ್ಳುವುದು. ಮನೆಯಿಲ್ಲದ ನೌಕರರು, ಶಿಕ್ಷಕರು ಸೇರುವುದು. ಯಾರಿಗೆ ಯಾವ ಜಾಗವೆಂಬುದನ್ನು ಎಲ್ಲರ ಹೆಸರನ್ನೂ ಒಂದೇ ಡಬ್ಬಿಗೆ ಹಾಕಿ ಚೀಟಿ ಎತ್ತಿ ನಿರ್ಧರಿಸುವುದು. ಯಾರ ಗೋಡೆಗೆ ಯಾರ ಗೋಡೆ ತಾಗಬೇಕೆಂದು ಜಾತಿ ಹೇಳಬಾರದು, ಚೀಟಿ ಹೇಳಬೇಕು. ಇಡೀ ಯೋಜನೆಯಲ್ಲಿ ನನ್ನದು ಎನ್ನುವಂಥದ್ದು ಇದೊಂದೇ ಮಾತು. ಉಳಿದದ್ದೆಲ್ಲ ವ್ಯವಹಾರ. ವ್ಯವಹಾರಕ್ಕೆ ಬಂಡವಾಳ ಬೇಕಾದಾಗ ನನ್ನ ವಕೀಲ ಮಿತ್ರನೇ ಮಾನ್ವಿಯ ಒಬ್ಬ ಅಕ್ಕಿ ಗಿರಣಿಯ ಸಾವ್ಕಾರರನ್ನು ಕರೆತಂದ. ಹಣೆತುಂಬ ವಿಭೂತಿ, ಮೃದುವಾದ ಮಾತು, ಯಾರ ಮಾತನ್ನೂ ನಡುವೆ ತಡೆಯದ ಸೌಜನ್ಯ. ಚೀಟಿಯ ಸಂಗತಿ ಕೇಳಿ ಅವರು ಕೈಮುಗಿದು, "ಶರಣರ ಮಾತು ಆಡಿದ್ರಿ ಸರ" ಎಂದಿದ್ದರು. ನಾನು ಉಬ್ಬಿಹೋದೆ.

ನಾವು ಗೊತ್ತು ಮಾಡಿದ ಹೊಲ ಮಾನ್ವಿ ರಸ್ತೆಯ ಪಕ್ಕದಲ್ಲಿತ್ತು. ಎರೆ ನೆಲ, ಹಿಂಭಾಗವನ್ನು ಒಂದು ಹಳ್ಳ ಸೀಳಿಕೊಂಡು ಹೋಗಿತ್ತು. ಅದರ ಒಡೆಯ ದೇವದುರ್ಗ ತಾಲೂಕಿನ ಗಬ್ಬೂರಿನಲ್ಲಿದ್ದ ಕುರಿಗಾರ ಹಿರಿಯ. ತಾಯಿಯ ಕಡೆಯಿಂದ ಅವನಿಗೆ ಬಂದ ಭೂಮಿ. ಬಸ್ಸು ಹತ್ತಿ ಗಬ್ಬೂರಿಗೆ ಹೋಗಿ ಅವನೊಡನೆ ಮಾತನಾಡುವ ಹೊಣೆಯನ್ನು ನಾನೇ ಕೇಳಿ ತೆಗೆದುಕೊಂಡೆ.

"ಏನು ಬಿತ್ತತೀರಿ?" ಎಂದು ಹಿರಿಯ ಕೇಳಿದ.

"ಮನಿ ಕಟ್ತೀವಿ ಯಪ್ಪಾ."

"ಯಾರ‍್ಯಾರು ಇರ್ತಾರ?"

"ಎಲ್ಲಾರೂ ಇರ್ತಾರ. ಚೀಟಿ ಎತ್ತಿ ಜಾಗ ಹಂಚ್ತೀವಿ. ಯಾರ ಬಾಜೂಕ ಯಾರು ಬರ್ತಾರ ಅಂತ ಯಾರಿಗೂ ಗೊತ್ತಿರಂಗಿಲ್ಲ."

"ಸಾವ್ಕಾರ್ರ ಬಾಜೂಕ ನಾ ಬಂದ್ರ?"

"ಬಂದ್ರ ಬಂದ್ರಿ."

ಅವನು ನಕ್ಕ. ಒಳಗಿನಿಂದ ಅವನ ಹೆಂಡತಿಯ ದನಿ ಬಂತು: "ಪಾಪ ಆ ಸಾವ್ಕಾರ! ಇವ ರಾತ್ರಿ ಎಲ್ಲಾ ಕೆಮ್ಮತಾನ, ಅವ ನಿದ್ದಿಗೆಟ್ಟು ಸಾಯ್ತಾನ."

ಆಮೇಲೆ ಹಿರಿಯ ತನ್ನ ಷರತ್ತು ಹೇಳಿದ. "ನೆಲದ ಕಿಮ್ಮತ್ತು ಊರಾಗ ನಡಿಯೋದು ಕೊಡ್ರಿ, ಹೆಚ್ಚು ಬ್ಯಾಡ. ಆದ್ರ ಆ ಚೀಟ್ಯಾಗ ನಂದೂ ಒಂದು ಹೆಸರು ಹಾಕ್ರಿ. ಮಗಳು ಮಾಸ್ತರಿಕಿ ಕಲಿಯಾಕತ್ತ್ಯಾಳ. ನಾಳಿ ಶಹರದಾಗ ನೌಕರಿ ಆತಂದ್ರ ಅಕಿ ಯಾರ ಮನಿ ಬಾಗಿಲ ಬಡೀಬೇಕು?"

ಆ ಬಾಗಿಲುಗಳನ್ನು ನಾನು ಬಡಿದು ಬಂದಿದ್ದೆ. ಮಾತು ಕೊಟ್ಟೆ.

ಬಯಾನಾ, ಅಂದರೆ ಮುಂಗಡ ಕೊಟ್ಟು ಕರಾರು ಬರೆಯುವ ಕೆಲಸ ಮಾನ್ವಿಯ ಗಿರಣಿಯಲ್ಲಿ ನಡೆಯಿತು. ಕೊಳ್ಳುವವರು ಮೂವರು: ಸಾವ್ಕಾರರು, ನನ್ನ ಮಿತ್ರ, ನಾನು. ಚೀಟಿಯ ಕಲಮನ್ನು ನಾನೇ ಹೇಳಿ ಬರೆಸಿದೆ. ಮೂವರ ಸಹಿಯೂ ಇಲ್ಲದೆ ರಜಿಸ್ಟ್ರಿ ಆಗಕೂಡದೆಂದೂ, ಗೊತ್ತುಪಡಿಸಿದ ವಾಯಿದೆಯೊಳಗೆ ರಜಿಸ್ಟ್ರಿ ಆಗದಿದ್ದರೆ ಕರಾರು ರದ್ದಾಗಿ ಬಯಾನಾ ಮಾರುವವನಿಗೇ ಉಳಿಯಬೇಕೆಂದೂ ಬರೆಸಿದೆ. ಯಾರಾದರೂ ಚೀಟಿಗೆ ಕೈ ಹಚ್ಚಿದರೆ ನಾನು ಸಹಿ ನಿರಾಕರಿಸಿ ಎಲ್ಲವನ್ನೂ ನಿಲ್ಲಿಸಬಹುದು, ಭೂಮಿ ಹಿರಿಯನಿಗೆ ಮರಳುತ್ತದೆ. ಎದ್ದು ಹೋಗುವ ಬಾಗಿಲನ್ನು ನಾನೇ ಅಳತೆ ಕೊಟ್ಟು ಮಾಡಿಸಿದ್ದೇನೆಂಬ ಹೆಮ್ಮೆ ನನಗಿತ್ತು.

ಹಿರಿಯ ಹೆಬ್ಬೆಟ್ಟು ಒತ್ತಿದ. ಮಂಡಾಳ ಒಗ್ಗರಣಿ, ಮಿರ್ಚಿ ಬಂದವು. ತಟ್ಟೆಯನ್ನು ಅವನ ಕಡೆಗೆ ಸರಿಸುತ್ತ ಸಾವ್ಕಾರರು ಕೇಳಿದರು: "ಹಿರ್ಯಾರ, ನಿಮ್ಮ ಮನಿತನದಾಗ ಒಂದು ಪದ್ಧತಿ ಅದ ಅಲ್ಲ? ನೆಲ ಕೊಟ್ರ ಕಡೀ ಸಲ ಕುರಿ ತರುಬೋದು?"

ಕುರಿ ತರುಬುವುದೆಂದರೆ ಹಿಂಡನ್ನು ರಾತ್ರಿ ಹೊಲದಲ್ಲಿ ಕೂಡಿ ನಿಲ್ಲಿಸುವುದು. ಅದರ ಹಿಕ್ಕೆ, ಗಂಜಲ ನೆಲಕ್ಕೆ ಗೊಬ್ಬರ. ಹೊಲದವರು ಅದಕ್ಕೆ ಪ್ರತಿಯಾಗಿ ಕುರಿಗಾರನಿಗೆ ಕಾಳು ಕೊಡುತ್ತಾರೆ. ಈ ಮನೆತನದವರು ತಮ್ಮ ಭೂಮಿಯನ್ನು ಬಿಟ್ಟುಕೊಡುವಾಗ ಏನನ್ನೂ ಪಡೆಯದೆ ಕೊನೆಯ ಬಾರಿ ತರುಬಿ ಹೋಗುತ್ತಾರೆಂದು ನಾನೂ ಕೇಳಿದ್ದೆ.

"ಅದ್ರೀ. ರಜಿಸ್ಟ್ರಿ ಆದ ಮ್ಯಾಲ ತರುಬ್ತೀನಿ" ಎಂದ ಹಿರಿಯ.

"ರಜಿಸ್ಟ್ರಿ ಸರಕಾರದ್ದು, ಅದಕ್ಯಾಕ ಕಾಯ್ತೀರಿ? ಮಳಿ ಹಿಡೀತಂದ್ರ ಕುರಿ ಎಲ್ಲೋ, ನೀವೆಲ್ಲೋ. ಮನಸ್ಸು ಹಸನ ಇದ್ದಾಗ ಮಾಡಿಬಿಡ್ರಿ."

ಹಿರಿಯ ನನ್ನ ಕಡೆ ನೋಡಿದ. "ಸರ ಏನಂತೀರಿ?"

ಗಾದಿಯ ಮೇಲೆ ಕುಳಿತ ಗಿರಣಿಯ ಒಡೆಯರು ಕುರಿಗಾರನ ಪದ್ಧತಿಯನ್ನು ನೆನೆದು ಕೇಳಿದ್ದು ನನ್ನ ಕಣ್ಣಿಗೆ ಹೊಸ ಯುಗದಂತೆ ಕಂಡಿತು. "ಮಾಡ್ರಿ ಯಪ್ಪಾ, ಛಲೋ ಆತು" ಎಂದೆ. ನನ್ನ ಮಿತ್ರ ತಲೆ ಎತ್ತದೆ ಮಿರ್ಚಿಯ ತೊಟ್ಟು ಮುರಿಯುತ್ತಿದ್ದ.

ತರುಬುವ ದಿನ ಸಂಜೆ ನಾನು ಹೊಲಕ್ಕೆ ಹೋದೆ. ಗಬ್ಬೂರಿನ ದಾರಿ ಹಿಡಿದು ಬಂದ ಹಿಂಡು ಧೂಳೆಬ್ಬಿಸುತ್ತ ಹೊಲ ತುಂಬಿತು. ಹಿರಿಯನ ಅಣ್ಣತಮ್ಮಂದಿರು ಬಂದಿದ್ದರು. ಜಾಲಿ ಮುಳ್ಳಿನ ಬೇಲಿ ಎಳೆದರು. ಹಿರಿಯ ತಾನೇ ಕುರಿಗಳ ನಡುವೆ ನಡೆದಾಡಿ, ಒಂದು ಮೂಲೆಯೂ ಖಾಲಿ ಉಳಿಯದಂತೆ ಅವನ್ನು ಸರಿಸಿ ಸರಿಸಿ ನಿಲ್ಲಿಸಿದ.

"ಇಲ್ಲಿ ಬೆಳಿ ಬೆಳಿಯಂಗಿಲ್ಲಲ್ಲ ಯಪ್ಪಾ. ಮನಿಗಳಿಗೆ ಗೊಬ್ಬರ ಯಾಕ?" ಎಂದೆ.

"ಮ್ಯಾಲ ಏನು ಏಳತದ ಅಂತ ನೆಲಕ್ಕೇನು ಗೊತ್ತು?" ಎಂದ.

ಬೆಳಗಾದ ಮೇಲೆ ಅವನು ಹಿಂಡು ಹೊರಡಿಸಿ, ಬೇಲಿಯ ಮುಳ್ಳನ್ನು ತಾನೇ ಕಿತ್ತು ಬದಿಗೆ ಒಟ್ಟಿ ಹೋದನಂತೆ. ಆ ವಾರ ಕಾಲೇಜಿನಲ್ಲಿ ನಾನು ಮಾಡಿದ ಪಾಠಗಳಲ್ಲೆಲ್ಲ ಆ ಕುರಿಹಿಂಡು ಒಂದಿಲ್ಲೊಂದು ನೆಪದಲ್ಲಿ ಬಂದು ಹೋಯಿತು.

ಮುಂದಿನ ಸಭೆಗಳು ಗಿರಣಿಯಲ್ಲೇ ನಡೆದವು. ನಕ್ಷೆಯಲ್ಲಿ ವಾಚನಾಲಯಕ್ಕೆಂದು ಬಿಟ್ಟಿದ್ದ ಜಾಗದಲ್ಲಿ ಮೊದಲು ಅಂಗಡಿಗಳ ಸಾಲು ಬಂತು; ನಾನು ವಾದಿಸಿದೆ, ಆಮೇಲೆ ಒಪ್ಪಿಕೊಂಡೆ, ಚೀಟಿ ಉಳಿದಿತ್ತಲ್ಲ. ಅನಂತರ ಸಾವ್ಕಾರರ ಬೀಗರೊಬ್ಬರು ಹೊಲ ನೋಡಿ ಬಂದು ಮೂಗು ಸಿಂಡರಿಸಿದರು. "ಹೊಲದ ತುಂಬ ಹಿಕ್ಕಿ ನಾರಾಕತ್ತದ. ಇವತ್ತ ಖಾಲಿ ನೆಲದಾಗ ಕುರಿ ನಿಲ್ಲಿಸ್ಯಾರ, ನಾಳಿ ನಮ್ಮ ಅಂಗಳದಾಗ ನಿಲ್ಲಸ್ತಾರ."

ತರುಬುವುದಕ್ಕೆ ಹೇಳಿದವರೇ ಸಾವ್ಕಾರರೆಂದು ನಾನು ನೆನಪಿಸಿದೆ. ಅವರು ಅದನ್ನು ಅಲ್ಲಗಳೆಯಲಿಲ್ಲ. ಮೃದುವಾಗಿ ಹೇಳಿದರು: "ನಾ ಎಲ್ಲಿ ಬ್ಯಾಡ ಅಂದೆ ಸರ? ಚೀಟೀನೂ ಎತ್ತೂನು. ಎರಡು ಡಬ್ಬಿ ಮಾಡೂನು ಅಷ್ಟ. ಹಳ್ಳದ ಈ ಕಡಿಗೊಂದು, ಆ ಕಡಿಗೊಂದು."

"ಯಾರ ಹೆಸರು ಯಾವ ಡಬ್ಬಿಗೆ ಅಂತ ಗೊತ್ತು ಮಾಡೋರು ಯಾರು?"

"ಅದಕ್ಕೇನು ಗೊತ್ತು ಮಾಡೋದು ಬಂತ್ರೀ? ಎಲ್ಲಾರಿಗೂ ಗೊತ್ತೇ ಅದ."

ಗಾದಿಯ ಸುತ್ತ ನಗೆ ಎದ್ದಿತು. ಜಾಗಕ್ಕಾಗಿ ಹಣ ಹಾಕಿಸಿ ನಾನು ಕರೆತಂದ ಶಿಕ್ಷಕರೂ ನಕ್ಕರು. ಅಂದು ನಾನು ಮಾಡಿದ ಭಾಷಣ ನನ್ನ ಜೀವನದ ಅತ್ಯುತ್ತಮ ಭಾಷಣವೆಂದು ಈಗಲೂ ನಂಬಿದ್ದೇನೆ. ಕರಾರಿನ ಕಲಮನ್ನು ಉದ್ಧರಿಸಿದೆ. ಕೊಟ್ಟ ಮಾತಿನ ಬೆಲೆ ಹೇಳಿದೆ. ಒಂದು ಡಬ್ಬಿ ಎರಡಾದರೆ ಊರೊಳಗಿನ ಗಲ್ಲಿಗಳಿಗೂ ನಮ್ಮ ಬಡಾವಣೆಗೂ ಏನು ವ್ಯತ್ಯಾಸವೆಂದು ಕೇಳಿದೆ. ಸಾವ್ಕಾರರು ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಭಾಳ ಛಂದ ಮಾತಾಡಿದ್ರಿ. ಸರ್‌ಗ ಇನ್ನೊಂದು ಚಹಾ ತರ್ರೆಪಾ" ಎಂದರು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಎರಡು ಡಬ್ಬಿಗಳು ಗೊತ್ತಾಗಿದ್ದವು.

ಅಲ್ಲಿಂದ ವಾಯಿದೆಯ ಕೊನೆಯವರೆಗೆ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಉಳಿಯುವುದೋ, ಏಳುವುದೋ? ಉಳಿಯುವುದಕ್ಕೆ ಕಾರಣಗಳಿದ್ದವು. ನನ್ನನ್ನು ನಂಬಿ ಹಣ ಹಾಕಿದವರು ಒಳಗಿದ್ದರು; ಒಳಗೊಬ್ಬ ವಿರೋಧಿ ಇರುವುದು ಒಳ್ಳೆಯದೆಂದು ನನ್ನ ಮಿತ್ರ ಪ್ರತಿ ಸಲವೂ ಹೇಳುತ್ತಿದ್ದ; ಇನ್ನೊಂದು ಸಭೆಯಲ್ಲಿ ಗೆಲ್ಲಬಹುದೆಂಬ ಆಸೆ, ವಾದಿಸುವವನಿಗೆ ಎಂದೂ ಬಿಡದ ಆಸೆ, ನನ್ನೊಳಗಿತ್ತು. ಏಳುವುದಕ್ಕೆ ಇದ್ದ ಕಾರಣ ಒಂದೇ. ಹಳ್ಳದ ಆ ಕಡೆಯ ಡಬ್ಬಿಯಲ್ಲಿ ಹಿರಿಯನ ಹೆಸರಿರುವ ಪತ್ರಕ್ಕೆ ನಾನು ಸಹಿ ಹಾಕಿದರೆ, ಗಬ್ಬೂರಿನಲ್ಲಿ ನಾನು ಆಡಿದ ಮಾತು ಅವನ ನೆಲ ಕೊಳ್ಳಲು ಹೂಡಿದ ಯುಕ್ತಿಯಾಗುತ್ತದೆ. ಸಹಿ ಹಾಕದಿದ್ದರೆ ನನ್ನ ಪಾಲಿನ ಬಯಾನಾ ಮುಳುಗುತ್ತದೆ, ಆದರೆ ನೆಲ ಅವನಿಗೆ ಮರಳುತ್ತದೆ. ತೂಗಿ ನೋಡಿದೆ. ಏಳುವುದೇ ಸರಿಯೆನಿಸಿತು.

ಕೊನೆಯ ಸಭೆಯಲ್ಲಿ ಲೇಖನಿಯನ್ನು ಗಾದಿಯ ಮೇಲಿಟ್ಟು ಎದ್ದೆ. ಯಾರೂ ತಡೆಯಲಿಲ್ಲ. ಭತ್ತ ಹರವಿದ ಗಿರಣಿಯ ಅಂಗಳದಲ್ಲಿ ಮಿತ್ರನೊಬ್ಬನೇ ಬೆನ್ನು ಹತ್ತಿ ಬಂದ.

"ಕುಂತು ಜಗಳಾಡು ದೋಸ್ತ. ಎದ್ದು ಹೋದವನ ಮಾತು ಯಾರು ಕೇಳ್ತಾರ?"

"ನಾ ಸಹಿ ಮಾಡಂಗಿಲ್ಲ. ವಾಯಿದೆ ಮುಗೀಲಿ. ಭೂಮಿ ಅವನಿಗೆ ವಾಪಸ್ ಹೋಗ್ಲಿ."

ಅವನು ಏನೋ ಹೇಳಲು ಬಾಯಿ ತೆರೆದ. ಕಾಲಿನಿಂದ ಭತ್ತವನ್ನು ಕೆದರಿದ. "ಹೋಗೋದಿದ್ರ ಹೋಗು. ಬಸ್ಸಿನ ಹೊತ್ತಾತು" ಎಂದ.

ವಾಯಿದೆ ಮುಗಿದ ಮರುದಿನ ನಾನು ಗಬ್ಬೂರಿಗೆ ಹೋದೆ. ಶುಭಸಮಾಚಾರ ಹೊತ್ತವನ ಉಮೇದು ನನ್ನದು. ಕರಾರು ರದ್ದಾಯಿತು, ಬಯಾನಾ ನಿಮ್ಮಲ್ಲೇ ಉಳಿಯಿತು, ಹೊಲ ನಿಮ್ಮದೇ ಎಂದು ಹಿರಿಯನಿಗೆ ಬಿಡಿಸಿ ಹೇಳಿದೆ.

"ನಂದು ಹೆಂಗ ಆಗತದ ಸರ? ತರುಬಿ ಬಂದೀನಲ್ಲ."

"ಕಾಗದ ರದ್ದಾಗ್ಯದ ಯಪ್ಪಾ. ಕಾನೂನು ಪ್ರಕಾರ..."

"ಕಾಗದದ್ದು ನಾ ಮಾತಾಡಾಕತ್ತಿಲ್ಲ. ನಮ್ಮ ಮನಿತನದಾಗ ತರುಬಿ ಕೊಟ್ಟ ನೆಲ ತಿರುಗಿ ನಮ್ಮದು ಅನ್ನಂಗಿಲ್ಲ. ಕೊಂಡವ್ರು ತಾವಾಗಿ ಒಂದು ತುಂಡು ಕೊಟ್ರ ತಗೋಬೇಕು. ನಾವಾಗಿ ಕಸಗೊಳ್ಳಂಗಿಲ್ಲ. ಅಣ್ಣತಮ್ಮರೆಲ್ಲಾ ನಿಂತು ನೋಡ್ಯಾರ. ಕೊಟ್ಟು ಕಸಗೊಂಡ ಅನ್ನಿಸಿಕೊಂಡು ಮಗಳನ್ನ ಯಾರ ಮನಿಗೆ ಕೊಡ್ಲಿ?"

"ಮತ್ತ ಅವತ್ತ ರಜಿಸ್ಟ್ರಿ ಆದ ಮ್ಯಾಲ ತರುಬ್ತೀನಿ ಅಂದ್ರಿ..."

"ಅಂದಿದ್ದೆ. ನೀವು ಛಲೋ ಆತು ಮಾಡ್ರಿ ಅಂದ್ರಿ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಹಿರಿಯ ದನಿ ಏರಿಸದೆ ಮುಂದುವರಿಸಿದ: "ಸಾವ್ಕಾರ ನೆಲದ ಕಿಮ್ಮತ್ತಿಗೆ ಮೋಸ ಮಾಡಂಗಿಲ್ಲ, ಅದು ಗೊತ್ತದ. ಚೀಟಿ ಮಾತು ಆಡಿದವ್ರು ನೀವು. ಅದನ್ನ ಕೇಳೋರು ಅಲ್ಲಿ ನೀವೊಬ್ರ ಇದ್ರಿ. ನೀವೇ ಎದ್ದು ಬಂದೀರಿ."

ಅವನ ಹೆಂಡತಿ ಹೊರಗೆ ಬಂದು ಒಂದು ಚರಿಗೆ ನೀರು ಇಟ್ಟು ಹೋದಳು. ಈ ಸಲ ಅವಳು ತಮಾಷೆ ಮಾಡಲಿಲ್ಲ.

ನನ್ನ ಮಿತ್ರ ಸಿಕ್ಕಿದ್ದು ರಾಯಚೂರಿನ ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ. ಕರಿ ಕೋಟು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದ.

"ಆ ಪದ್ಧತಿ ನಿನಗ ಗೊತ್ತಿತ್ತೇನು?"

"ಕಲ್ಲೂರಾಗ ಹುಟ್ಟಿ ಅಷ್ಟು ಗೊತ್ತಿರಂಗಿಲ್ಲೇನು? ನಮ್ಮ ಹೊಲದಾಗ ಅವ್ರ ಕಾಕಾ ವರ್ಷಾ ಕುರಿ ತರುಬ್ತಿದ್ದ. ಸಾವ್ಕಾರ್ರಿಗೆ ನಾನ ಹೇಳಿದ್ದೆ."

"ನನಗ್ಯಾಕ ಹೇಳಲಿಲ್ಲ?"

ಅವನು ನನಗೂ ಒಂದು ಚಹಾ ಹೇಳಿದ. "ಹೇಳಿದ್ರ ನೀ ಅವನಿಗೆ ತರುಬಬ್ಯಾಡ ಅಂತಿದ್ದಿ. ಸಿಟ್ಟು ಯಾಕ ಮಾಡ್ತೀ ದೋಸ್ತ? ನಿನಗ ಬೇಕಾದ ಪಕ್ಷ ನೀ ತಗೊಂಡಿ. ಉಳಿದದ್ದು ನಾ ತಗೊಂಡೆ. ಮೊದಲಿಂದ ಹಂಗ ಅಲ್ಲ ನಮ್ಮದು?"

ಪಾರಿತೋಷಕ ಇಬ್ಬರಿಗೂ ಸೇರಿದ್ದಲ್ಲವೇ ಎನ್ನುವಂತೆ ಅವನು ನಗುತ್ತಿದ್ದ. ಚಹಾ ಮುಟ್ಟದೆ ಬಂದೆ. ಅಂದಿನಿಂದ ನಾವು ಮಾತನಾಡಿಲ್ಲ; ಎದುರಾದರೆ ಅವನು ಈಗಲೂ ಕೈ ಎತ್ತುತ್ತಾನೆ, ನಾನು ಎತ್ತುವುದಿಲ್ಲ.

ನಾನು ಏಳಲೆಂದೇ ಅವರು ಕಾಯುತ್ತಿದ್ದರೆಂಬುದು ಆಮೇಲೆ ಸ್ಪಷ್ಟವಾಯಿತು. ಹಳೆಯ ಕರಾರು ರದ್ದಾದದ್ದು ಅವರಿಗೆ ನಷ್ಟವಾಗಲಿಲ್ಲ. ಅದರ ಜೊತೆ ನನ್ನ ಕಲಮೂ ರದ್ದಾಗಿತ್ತು. ಹಿರಿಯ ಹಿಂದೆ ಸರಿಯಲಾರ. ನಾನು ಹೊರಗಿದ್ದೇನೆ. ಹೊಸ ಕರಾರು ಅವರಿಬ್ಬರ ಹೆಸರಿನಲ್ಲಿ ಆಯಿತು, ಒಪ್ಪಿದ ಕಿಮ್ಮತ್ತನ್ನು ಸಾವ್ಕಾರರು ಚೂರೂ ಮುರಿಯದೆ ಕೊಟ್ಟರು, ಆ ಪ್ರಾಮಾಣಿಕತೆಯನ್ನು ಇಡೀ ಮಾನ್ವಿ ಹೊಗಳಿತು. ಚೀಟಿಯನ್ನೂ ಎತ್ತಿದರು, ಎರಡು ಡಬ್ಬಿಗಳಿಂದ. ನಾನು ಕರೆತಂದ ಶಿಕ್ಷಕರಲ್ಲಿ ಒಬ್ಬನೂ ನನ್ನ ಹಿಂದೆ ಎದ್ದು ಬರಲಿಲ್ಲ. ಮೂಲೆಯ ಜಾಗ ಸಿಕ್ಕ ಒಬ್ಬ ಬಜಾರಿನಲ್ಲಿ ನನ್ನ ಕೈ ಹಿಡಿದು, "ನೀವು ಇರಬೇಕಿತ್ತು ಸರ, ಕಳೆ ಇರ್ತಿತ್ತು" ಎಂದ. ಹಿರಿಯನಿಗೆ ಹಳ್ಳದ ಆಚೆ, ಮಳೆಗಾಲದಲ್ಲಿ ದಾಟಲಾಗದ ಕಡೆ ಒಂದು ತುಂಡು ಬಂತು. ಕೊಂಡವರು ತಾವಾಗಿ ಕೊಟ್ಟದ್ದು. ತೆಗೆದುಕೊಳ್ಳಲೇಬೇಕಿತ್ತು.

ಕೆಲವು ವರ್ಷಗಳ ಮೇಲೆ, ಎಂಬತ್ತರ ದಶಕದ ನಡುವಿನಲ್ಲಿ, ಶಿಕ್ಷಕರ ಶಿಬಿರವೊಂದರಲ್ಲಿ ಉಪನ್ಯಾಸ ಮಾಡಲು ದೇವದುರ್ಗಕ್ಕೆ ಹೋಗಿದ್ದೆ. ವಿಷಯ ಸಮಾನತೆ. ಉಪನ್ಯಾಸ ಮುಗಿದ ಮೇಲೆ ಒಬ್ಬ ಶಿಕ್ಷಕಿ ಬಂದು, ತಾನು ಗಬ್ಬೂರಿನ ಹಿರಿಯನ ಮಗಳೆಂದು ಪರಿಚಯ ಹೇಳಿಕೊಂಡಳು. ತಂದೆ ತೀರಿಕೊಂಡಿದ್ದ.

"ರಾಯಚೂರಾಗಿನ ಜಾಗ?" ಎಂದು ಕೇಳಿದೆ.

"ಮಾರಿಬಿಟ್ವಿ ಸರ. ಹಳ್ಳ ಬಂದ್ರ ಅಲ್ಲಿ ಯಾರಿರ್ತಾರ? ಸಾವ್ಕಾರ್ರ ಅಳಿಯ ತಗೊಂಡಾನ. ಈಗ ಹಳ್ಳಕ್ಕ ಸೇತುವಿ ಆಗ್ಯದ." ಅವಳು ನಕ್ಕಳು. "ಸಿಟ್ಟಾಗಬ್ಯಾಡ್ರಿ ಸರ, ಅಪ್ಪ ಭಾಳ ಸಲ ಅಂತಿದ್ದ. ಆ ಮಾಸ್ತರ ಎದ್ದು ಹೋಗದಿದ್ರ ಚೀಟಿ ಎತ್ತೋ ದಿನ ಒಬ್ಬರಾದ್ರೂ ಬಾಯಿ ತಗೀತಿದ್ರು ಅಂತ."

ನಾನು ನನ್ನ ಪಕ್ಷವನ್ನು ಮಂಡಿಸಿದೆ. ಅನ್ಯಾಯದ ಪತ್ರದ ಮೇಲೆ ಸಹಿ ಇರುವವನ ಬಾಯಿಗೆ ಬೆಲೆಯಿಲ್ಲವೆಂದೆ. ಉಳಿದಿದ್ದರೆ ನಾನೂ ಅವರಲ್ಲೊಬ್ಬನಾಗುತ್ತಿದ್ದೆನೆಂದೆ. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅವಳು ಗಿರಣಿಯ ಸಾವ್ಕಾರರಂತೆಯೇ, ನಡುವೆ ತಡೆಯದೆ, ಪೂರ್ತಿ ಕೇಳಿದಳು.

"ಹೌದ್ರಿ ಸರ" ಎಂದಳು. ಆಮೇಲೆ ಕೇಳಿದಳು: "ನೀವು ಎಲ್ಲಿ ಮನಿ ಕಟ್ಟಿಸೀರಿ?"

"ಕಟ್ಟಿಸಿಲ್ಲವ್ವಾ. ಬಾಡಿಗಿ ಮನ್ಯಾಗ ಇದ್ದೀನಿ."

"ರಾಯಚೂರಾಗ ಬಾಡಿಗಿ ಮನಿ ಸಿಗೋದು ಭಾಳ ತ್ರಾಸ ಅಂತಾರ."

"ಹೌದು."

"ಮಾಲಕರು ನಿಮ್ಮ ಪೈಕೇನ್ರಿ?"

ಅವಳ ದನಿಯಲ್ಲಿ ಕುಟುಕಿರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ ಹಾಗೆ ಕೇಳಿದ್ದಳು. ಮನುಷ್ಯರ ಪೈಕಿ ಎಂಬ ನನ್ನ ಹಳೆಯ ಉತ್ತರ ನೆನಪಾಯಿತು, ಆದರೆ ಅವಳ ಮುಂದೆ ಅದು ಬಾಯಿಗೆ ಬರಲಿಲ್ಲ. ಹೌದು, ನಮ್ಮ ಪೈಕಿಯೇ ಎಂದೆ.